ಬೆಕ್ಕಿನ ಕಿವಿಗೆ ಗುರುಗುಂಟಾದ ಕಚ್ಚು

ಬೆಕ್ಕು ಅಡ್ಡ ಬಂದರೆ ನಾನು ಇವತ್ತಿಗೂ ನಿಂತುಬಿಡುತ್ತೇನೆ. ಜೊತೆಗೆ ಯಾರಾದರೂ ಇದ್ದರೆ ಅವರಿಗೆ ಮುಜುಗರ. ಇಷ್ಟು ಓದಿಕೊಂಡವಳು, ನಾಲ್ಕು ಜನಕ್ಕೆ ಬುದ್ಧಿ ಹೇಳುವ ವಯಸ್ಸಿನವಳು, ಬೆಕ್ಕಿಗೆ ಹೆದರಿ ನಿಲ್ಲುವುದೇ ಎಂಬುದು ಅವರ ಮುಖದ ಮೇಲೆ ಕಾಣುತ್ತದೆ. ನನ್ನ ಮಗಳಂತೂ "ಅವ್ವಾ, ಮಂದಿ ನೋಡಾಕತ್ತಾರ, ನಡಿ" ಎಂದು ಸೆರಗು ಹಿಡಿದು ಎಳೆಯುತ್ತಾಳೆ. ನಾನು ನಿಲ್ಲುವುದು ಅಪಶಕುನಕ್ಕಲ್ಲ, ಬೆಕ್ಕಿನ ಎಡಗಿವಿ ನೋಡಲಿಕ್ಕೆ. ಕಿವಿಯ ಅಂಚಿನಲ್ಲಿ ಕತ್ತರಿಸಿದ ಗುರುತು ಇಲ್ಲದಿದ್ದರೆ "ಪಾಪ, ಇದು ನಮ್ಮ ಪೈಕಿ ಅಲ್ಲ" ಅಂದುಕೊಂಡು ಮುಂದೆ ಹೋಗುತ್ತೇನೆ. ಈ ಚಟ ನನಗೆ ಹತ್ತಿದ್ದು ಸಿಂಧನೂರಿನಲ್ಲಿ, ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲದಲ್ಲಿ.

ಅದಕ್ಕೂ ಮೊದಲಿನ ಮಾತು ಕೇಳಿದರೆ, ನಾನು ಲಿಂಗಸುಗೂರಿನ ಹುಡುಗಿ, ಬೆಕ್ಕೆಂದರೆ ಆಗದವರ ಮನೆಯವಳು. ಬೆಕ್ಕು ಅಡ್ಡ ಹೋದರೆ ನಮ್ಮಪ್ಪ ಮನೆಗೆ ತಿರುಗಿ ಬಂದು, ಚಪ್ಪಲಿ ಬಿಟ್ಟು, ಒಂದು ತಂಬಿಗೆ ನೀರು ಕುಡಿದು, ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕುಳಿತೇ ಮತ್ತೆ ಹೊರಡುವವರು. ಇದು ಹೇಗೋ ನಮ್ಮ ಓಣಿಯ ಬೆಕ್ಕುಗಳಿಗೂ ಗೊತ್ತಾಗಿತ್ತು ಅಂತ ಕಾಣುತ್ತದೆ. ಅಪ್ಪ ಕಚೇರಿಗೆ ಹೊರಡುವ ಹೊತ್ತಿಗೇ ಅವಕ್ಕೆ ರಸ್ತೆಯ ಆ ಕಡೆ ಏನಾದರೊಂದು ಕೆಲಸ ನೆನಪಾಗುತ್ತಿತ್ತು. "ನೀರು ಕುಡ್ದು ಕುಡ್ದು ನಿಮ್ಮಪ್ಪನ ಹೊಟ್ಟಿ ಕೆರಿ ಆಗೇತಿ" ಎಂದು ಅವ್ವ ನಗುತ್ತಿದ್ದಳು. ಮದುವೆಯಾಗಿ ಸಿಂಧನೂರಿಗೆ ಬಂದ ಮೊದಲ ದಿನ, ಹೊಸ ಮನೆಯ ಹೊಸ್ತಿಲಲ್ಲಿ ನಾನು ಬಲಗಾಲು ಎತ್ತಿದಾಗ ಒಂದು ಬೆಕ್ಕು ಮುಂದೆ ಹಾದು ಒಳಗೆ ಹೋಯಿತು. ನಾನು ಎತ್ತಿದ ಕಾಲು ಹಾಗೇ ಹಿಡಿದು ನಿಂತೆ. ಅತ್ತೆ ಹಿಂದಿನಿಂದ, "ಅದು ಈ ಮನ್ಯಾಗ ನಿನಗಿಂತ ಮೊದಲು ಬಂದೈತಿ ತಾಯಿ, ಕಾಲು ಇಡು" ಅಂದರು. ಸೊಸೆಯಾಗಿ ನನ್ನ ದರ್ಜೆ ಏನೆಂಬುದು ಅಲ್ಲೇ ತೀರ್ಮಾನವಾಯಿತು.

ಸಿಂಧನೂರಿನಲ್ಲಿ ಬೆಕ್ಕಿಗೆ ಏನು ಕಡಿಮೆ ಹೇಳಿ. ಕಾಲುವೆ ನೀರು ಬಂತು, ನೀರಿನ ಹಿಂದೆ ಭತ್ತ ಬಂತು, ಭತ್ತದ ಹಿಂದೆ ಗಿರಣಿ ಬಂದವು, ಗಿರಣಿಯ ಹಿಂದೆ ಇಲಿ. ಇಲಿಯ ಹಿಂದೆ ಯಾರು ಬರಬೇಕೋ ಅವರು ಬಂದರು. ನಮ್ಮ ಓಣಿಯ ಒಂದು ತುದಿಗೆ ಗೌಡರ ಅಕ್ಕಿ ಗಿರಣಿ, ನಡುವೆ ನಮ್ಮ ಮನೆ, ನಮ್ಮ ಗೋಡೆಗೆ ಗೋಡೆ ಹಚ್ಚಿ ಮಾಬುಬೀಯ ಮನೆ. ಮಾಬುಬೀ ಗಾದಿ ಹೊಲಿಯುವ ಹೆಂಗಸು. ಗಂಡ ಇಲ್ಲ, ಮಕ್ಕಳಾಗಲಿಲ್ಲ, ಇದ್ದೊಬ್ಬ ಅಣ್ಣನೂ ತೀರಿಕೊಂಡಿದ್ದ. ಓಣಿಯವರೆಲ್ಲರಂತೆ ನಾನೂ ಅವಳನ್ನು ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆ. ಅವಳ ಪಡಸಾಲೆಯ ತುಂಬ ಬಿಳಿ ಹತ್ತಿ. ಬಸುರಿ ಬೆಕ್ಕಿಗೆ ಅದಕ್ಕಿಂತ ಒಳ್ಳೆಯ ಜಾಗ ಇಡೀ ತಾಲ್ಲೂಕಿನಲ್ಲಿ ಇರಲಿಲ್ಲ. ಖಾಲಾ ಅವುಗಳಿಗೆಲ್ಲ ಹೆಸರಿಟ್ಟಿದ್ದಳು. ಬೂದು ಬಣ್ಣದ ಚೆಲುವೆ ಶಹಜಾದಿ. ಮನೆಮನೆಗೆ ಹೋಗಿ ಹಾಲು ಮೊಸರು ವಸೂಲಿ ಮಾಡುತ್ತಿದ್ದ ದಪ್ಪ ಗಂಡುಬೆಕ್ಕು ತಹಶೀಲ್ದಾರ. ಹತ್ತಿ ಬಿಡಿಸುತ್ತ ಅವಳು ಬೆಳಗಿನಿಂದ ಸಂಜೆಯವರೆಗೆ ಅವುಗಳ ಜೊತೆ ಮಾತಾಡುತ್ತಿದ್ದುದು ನಮ್ಮ ಅಡುಗೆಮನೆಗೆ ಕೇಳುತ್ತಿತ್ತು. ಮನುಷ್ಯರ ಜೊತೆ ಅವಳು ಅಷ್ಟು ಮಾತಾಡಿದ್ದನ್ನು ನಾನು ಕಾಣೆ.

ಸುಖವಾಗಿದ್ದ ಈ ಸಂಸಾರಕ್ಕೆ ಗೌಡರ ಮಗಳ ಮದುವೆ ಬಂತು. ಮದುಮಕ್ಕಳಿಗೆಂದು ಖಾಲಾ ಹೊಲಿದ ದೊಡ್ಡ ಗಾದಿ, ಗುಲಾಬಿ ಹೂವಿನ ಬಟ್ಟೆಯದು, ಒಂದು ಬದಿ ಇನ್ನೂ ಬಾಯಿ ತೆರೆದುಕೊಂಡು ಬಿದ್ದಿತ್ತು. ಗಾದಿ ಒಯ್ಯಲು ಗೌಡರು ತಾವೇ ಬಂದಾಗ ಅದರ ಒಳಗಿನಿಂದ ಮಿಯಾಂವ್ ಎಂಬ ಸಣ್ಣ ದನಿಗಳು. ಶಹಜಾದಿ ಮದುಮಕ್ಕಳಿಗಿಂತ ಮೊದಲೇ ಗಾದಿಯೊಳಗೆ ಸಂಸಾರ ಹೂಡಿ ಬಾಣಂತಿಯಾಗಿದ್ದಳು.

ಗೌಡರು ಕೆಂಡವಾದರು. "ಮಾಬುಬೀ, ನಿನ್ನ ಮುಖ ನೋಡಿ ಈ ಸಲ ಬಿಟ್ಟೀನಿ. ಇನ್ನೊಂದ್ಸಲ ನಿನ್ನ ಹತ್ತ್ಯಾಗ ಒಂದು ಮರಿ ಹುಟ್ಟಲಿ, ನಮ್ಮ ಹಮಾಲರಿಗೆ ಹೇಳಿ ಎಲ್ಲಾ ಬೆಕ್ಕು ಚೀಲಕ್ಕ ತುಂಬಿಸಿ ಬಳಗಾನೂರು ದಾಟಿಸಿಬಿಡ್ತೀನಿ."

ಅವರು ಹೋದ ಮೇಲೆ ಖಾಲಾ ಮರಿಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತಳು. "ಇವು ಹೋದ್ರ ನಾ ಯಾರ ಸಂಗಾಟ ಮಾತಾಡ್ಲಿ ಬೇಟಿ? ಹತ್ತಿ ಸಂಗಾಟ?" ಎಂದು ನನ್ನನ್ನೇ ಕೇಳಿದಳು. ಬೆಕ್ಕು ಕಂಡರೆ ಕಾಲು ಎತ್ತಿ ನಿಲ್ಲುತ್ತಿದ್ದ ನಾನು, "ಇನ್ನ ಮ್ಯಾಲ ಮರಿ ಹುಟ್ಟದಂಗ ನಾ ನೋಡ್ಕೋತೀನಿ ಖಾಲಾ" ಅಂದುಬಿಟ್ಟೆ. ಹೇಗೆ ಎಂಬುದು ನನಗೇ ಗೊತ್ತಿರಲಿಲ್ಲ.

ದಾರಿ ತೋರಿಸಿದ್ದು ನನ್ನ ಗಂಡ. ಅವರು ಸಿಂಧನೂರು, ಮಸ್ಕಿ, ಲಿಂಗಸುಗೂರು ನಡುವೆ ಓಡಾಡುವ ಬಸ್ಸಿನ ಕಂಡಕ್ಟರು. ಮಸ್ಕಿಯ ದನದ ದವಾಖಾನೆಗೆ ಬೀದರ್ ಕಡೆಯ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು ಬಂದಿದ್ದಾರೆಂದೂ, ತಮ್ಮ ಮನೆಯ ಬೆಕ್ಕಿಗೆ ಮರಿಯಾಗದಂತೆ ತಾವೇ ಆಪರೇಷನ್ ಮಾಡಿದ್ದಾರೆಂದೂ ಅವರು ಊಟದ ಹೊತ್ತಿನಲ್ಲಿ ನಗಾಡುತ್ತ ಹೇಳಿದ್ದರು. ನಾನು ನಗಲಿಲ್ಲ. ಮರುದಿನವೇ ಡಾಕ್ಟರಿಗೆ ಹೇಳಿ ಕಳಿಸಿದೆ. ದನಗಳ ಸರದಿ ಮುಗಿದ ಮೇಲೆ ಮಧ್ಯಾಹ್ನ ಬನ್ನಿ ಎಂದು ಉತ್ತರ ಬಂತು. ಅತ್ತೆ ಮಾತ್ರ, "ಮನಿಷ್ಯಾರಿಗೆ ಮಾಡಿ ಮುಗೀತು, ಈಗ ಬೆಕ್ಕಿಗೆ ಹತ್ಯಾರ" ಎಂದು ಎಲೆ ಅಡಿಕೆ ಜಗಿದರು.

ಈಗ ಬೆಕ್ಕು ಹಿಡಿಯುವ ಕೆಲಸ. ಬೆಕ್ಕು ಹಿಡಿಯುವುದು ಬಲು ಸುಲಭವೆಂದು, ಹಿಡಿಯದವರೆಲ್ಲ ಹೇಳುತ್ತಾರೆ. ಕೋಳಿ ಮುಚ್ಚುವ ಬುಟ್ಟಿಗೆ ಕೋಲು ಆನಿಸಿ, ಕೋಲಿಗೆ ಹಗ್ಗ ಕಟ್ಟಿ, ಕೆಳಗೆ ಒಣಮೀನು ಇಟ್ಟು ಬಾಗಿಲ ಮರೆಯಲ್ಲಿ ಕುಳಿತೆ. ಮೊದಲು ಸಿಕ್ಕಿದ್ದು ಪಕ್ಕದ ಮನೆಯ ಕೋಳಿ. ಆಮೇಲೆ ಸಿಕ್ಕಿದ್ದು ಅತ್ತೆಯ ಕೈ. ಮೀನು ವ್ಯರ್ಥವಾಗುತ್ತಿದೆಯಲ್ಲ ಎಂದು ತೆಗೆಯಲು ಬಂದಿದ್ದರು. ತಹಶೀಲ್ದಾರ ಸಿಕ್ಕಾಗ ಸಂತೋಷದಲ್ಲಿ ಬುಟ್ಟಿಯನ್ನೇ ಎತ್ತಿ ನೋಡಿದೆ, ಅವನು ನನ್ನ ಮೊಣಕೈ ಮೇಲೆ ಸಹಿ ಹಾಕಿ ಹೋದ. ಕೊನೆಗೆ ಖಾಲಾ ಗಾದಿಯ ಗಟ್ಟಿ ಪಟ್ಟೆಪಟ್ಟೆ ಬಟ್ಟೆಯಲ್ಲಿ ಚೀಲ ಹೊಲಿದಳು. ಬಾಯಿಗೆ ಲಂಗಕ್ಕೆ ಹಾಕುವಂಥ ಲಾಡಿ, ಉಸಿರಾಡಲು ಸಣ್ಣ ಸಣ್ಣ ತೂತು, ಒಳಗೆ ಒಂದು ಹಿಡಿ ಹತ್ತಿ. ಅವಳು "ಬಾ ನನ್ನವ್ವ" ಎಂದು ಕರೆದರೆ ಬೆಕ್ಕುಗಳು ತಾವಾಗಿಯೇ ಚೀಲದೊಳಗೆ ಹೋಗಿ ಮಲಗಿದವು. ನಾನು ಬುಟ್ಟಿ ಅಟ್ಟಕ್ಕೆ ಹಾಕಿದೆ.

ಮರಿಗಳು ಹಾಲು ಬಿಟ್ಟ ಮೇಲೆ ಒಂದು ದಿನ ಶಹಜಾದಿ, ತಹಶೀಲ್ದಾರ ಮತ್ತು ಇನ್ನೆರಡು ಬೆಕ್ಕುಗಳನ್ನು ಚೀಲಕ್ಕೆ ಹಾಕಿಕೊಂಡು ಖಾಲಾ, ಅತ್ತೆ, ನಾನು ಮಸ್ಕಿಗೆ ಹೊರಟೆವು. ಅತ್ತೆ ಬಂದದ್ದು ಬೈಯಲಿಕ್ಕೆ. ಬೈಯುವ ಪ್ರಸಂಗ ಬಂದಾಗ ಹತ್ತಿರ ಇರಬೇಕಲ್ಲ. ನನ್ನ ಗಂಡನ ಬಸ್ಸೇ. ಚೀಲ ಹಿಡಿದು ಹತ್ತಿದ ನಮ್ಮನ್ನು ನೋಡಿ ಅವರು ಪರಿಚಯವೇ ಇಲ್ಲದವರಂತೆ "ಎಲ್ಲಿಗ್ರೀ?" ಎಂದು ಕೇಳಿದರು. "ನಿನ್ನ ಮಾವನ ಮನಿಗೆ" ಎಂದು ಅತ್ತೆ ಮಗನಿಗೆ ಹೇಳಿದರು.

ಊರು ದಾಟಿ ಎರೆಹೊಲಗಳ ನಡುವೆ ಬಸ್ಸು ಹೋಗುತ್ತಿದ್ದಾಗ ತಹಶೀಲ್ದಾರನ ಚೀಲದ ಲಾಡಿ ಸಡಿಲಾಯಿತು. ಲಾಡಿ ಬಿಗಿದವಳು ನಾನು. ಅವನು ಹೊರಬಂದು, ಸೀಟುಗಳ ನಡುವೆ ಗಂಭೀರವಾಗಿ ನಡೆದು, ಮುಂದೆ ಹೋಗಿ ಎಂಜಿನ್ ಮೇಲೆ ಹತ್ತಿ, ಡ್ರೈವರನ ಕಣ್ಣ ಮುಂದೆ ಎಡದಿಂದ ಬಲಕ್ಕೆ ಹಾದು ಕಿಟಕಿಯ ಹತ್ತಿರ ಕುಳಿತ. ಡ್ರೈವರ್ ಬ್ರೇಕ್ ಒತ್ತಿ ಬಸ್ಸು ನಿಲ್ಲಿಸಿದ.

"ಬೆಕ್ಕು ಅಡ್ಡ ಹೋತು. ನಾ ಗಾಡಿ ಹೊಡ್ಯಂಗಿಲ್ಲ."

"ಒಳಗ ಹೋದ್ರ ಲೆಕ್ಕಿಲ್ಲೋ, ರಸ್ತಾದಾಗ ಹೋದ್ರ ಅಷ್ಟೇ" ಎಂದು ಒಬ್ಬರು.

"ನನ್ನ ಮುಂದ ಹೋಗೈತೋ ಇಲ್ಲೋ?"

ಬಸ್ಸಿನಲ್ಲಿ ಎರಡು ಪಕ್ಷಗಳಾದವು. ಬೆಕ್ಕು ಅಡ್ಡ ಹೋದರೆ ಬೇರೆ ಯಾರಾದರೂ ಮುಂದೆ ದಾಟಿ ಹೋಗಲಿ ಎಂದು ಕಾಯುವುದು ರೂಢಿ. ಆದರೆ ಇಲ್ಲಿ ಎಲ್ಲರೂ ಒಂದೇ ಗಾಡಿಯೊಳಗಿದ್ದರು, ಎದುರಿನ ರಸ್ತೆ ಖಾಲಿ. ಮೊದಲು ಇಳಿದು ಮುಂದೆ ನಡೆಯಲು ಯಾರೂ ತಯಾರಿಲ್ಲ. ಲಿಂಗಸುಗೂರಿನ ಅಪ್ಪ ಇದ್ದಿದ್ದರೆ ನೀರು ಕೇಳುತ್ತಿದ್ದರು ಎಂದು ನನಗೆ ನಗು ತಡೆಯಲಾಗಲಿಲ್ಲ. ಆಗ ಖಾಲಾ ಎದ್ದಳು. "ಹೌ, ಹೌ, ನಾ ಹೋಗ್ತೀನಿ. ಇವು ಹೊತ್ತುಹೊತ್ತಿಗೆ ನನ್ನ ಮುಂದ ಅಡ್ಡಾಡ್ತಾವ, ನನಗೇನಾಗೇತಿ?" ಎಂದು ತಹಶೀಲ್ದಾರನನ್ನು ಕಂಕುಳಲ್ಲಿ ಇರುಕಿಕೊಂಡು ಇಳಿದು ರಸ್ತೆಯ ನಡುವೆ ನಡೆಯತೊಡಗಿದಳು. ಅವಳ ಹಿಂದೆ ಬಸ್ಸು ಮೆಲ್ಲಗೆ ತೆವಳಿತು. ಯಾರೋ ಪುಣ್ಯಾತ್ಮ ಒಳಗಿನಿಂದ ಮದುವೆ ಮೆರವಣಿಗೆಯ ಬಾಜಾ ಬಾಯಲ್ಲೇ ಬಾರಿಸಿದ. ಅಪಶಕುನದ ವಿಷಯದಲ್ಲಿ ಅಷ್ಟು ಧೈರ್ಯವಾಗಿ ನಡೆದವರನ್ನು ನಾನು ಆಮೇಲೆ ನೋಡಿಲ್ಲ.

ಡಾಕ್ಟರು ಒಳ್ಳೆಯವರು. ಬೇವಿನ ಗಿಡದ ನೆರಳಿನ ಕೋಣೆಯಲ್ಲಿ ಎಲ್ಲವನ್ನೂ ಮುಗಿಸಿ, ಹೊಲಿಗೆ ಒಣಗುವತನಕ ಬೆಕ್ಕು ಹಾರದಂತೆ ನೋಡಿಕೊಳ್ಳಿ ಎಂದರು. ನೋಡಿಕೊಳ್ಳುವುದೆಂದರೆ ಏನು ಎಂಬುದು ನಮ್ಮ ಅತ್ತೆಗೆ ಒಂದೇ ರೀತಿ ಗೊತ್ತಿತ್ತು. ಆಪರೇಷನ್ ಆದ ಹೆಂಗಸರಿಗೆ ಮಾಡುವುದನ್ನೆಲ್ಲ ಅವರು ಬೆಕ್ಕಿಗೂ ಮಾಡಿದರು. ಬೈಯಲು ಬಂದಿದ್ದವರು ತಾವೇ ಅಜಿವಾನದ ಹೊಗೆ ಹಾಕಿದರು, ರವೆ ತುಪ್ಪದ ಸಜ್ಜಕ ಮಾಡಿದರು, ಗಾಳಿ ಹೊಗಬಾರದೆಂದು ತಲೆಗೆ ಬಟ್ಟೆ ಕಟ್ಟಿದರು. ತಹಶೀಲ್ದಾರ ಗಂಡಲ್ಲವೇ ಎಂದು ಕೇಳಿದರೆ, "ಇರಲಿ ಬಿಡು, ಗಂಡಸರಿಗೆ ಯಾರು ಬಾಣಂತನ ಮಾಡ್ತಾರ, ಪಾಪ" ಅಂದರು. ಆ ಗಂಡುಬೆಕ್ಕು ತಲೆಗೆ ಬಟ್ಟೆ ಕಟ್ಟಿಸಿಕೊಂಡು, ಕಣ್ಣು ಮುಚ್ಚಿ ಸಜ್ಜಕ ನೆಕ್ಕಿತು. ಓಣಿಯ ಹೆಂಗಸರೆಲ್ಲ ಬಂದು ನೋಡಿ ನಕ್ಕು, ಹೋಗುವಾಗ ತಮ್ಮ ಮನೆಯ ಬೆಕ್ಕಿನ ಹೆಸರು ಹೇಳಿ ಹೋದರು.

ಹೀಗೆ ನಮ್ಮ ಮಸ್ಕಿ ಪ್ರಯಾಣ ರೂಢಿಯಾಯಿತು. ಒಂದು ಸಲ ಡಾಕ್ಟರು ಇಂಜೆಕ್ಷನ್ ಕೊಟ್ಟು, ಹೊಟ್ಟೆಯ ಕೂದಲು ಬೋಳಿಸಿ, ನನ್ನ ಕಡೆ ತಿರುಗಿದರು. "ಇದರ ಆಪರೇಷನ್ ಹೋದ ತಿಂಗಳೇ ಮಾಡೀನಲ್ರೀ ಅಕ್ಕಾರ." ಮೂರು ಬೂದು ಬೆಕ್ಕುಗಳಲ್ಲಿ ಯಾವುದು ಯಾವುದೆಂದು ಗುರುತಿಸುವ ಜವಾಬ್ದಾರಿ ನನ್ನದಾಗಿತ್ತು. ಆಪರೇಷನ್ ಮುಗಿದ ಬೆಕ್ಕಿಗೆ ಏನಾದರೂ ಗುರುತು ಮಾಡಬೇಕು ಎಂದು ಡಾಕ್ಟರು ಯೋಚಿಸುತ್ತಿರುವಾಗ ಅತ್ತೆ ಮುಂದೆ ಬಂದರು. ಅವರ ತವರು ಲಿಂಗಸುಗೂರು ತಾಲ್ಲೂಕಿನ ಗುರುಗುಂಟಾ. ಅಲ್ಲಿ ಅವರ ಒಡಹುಟ್ಟಿದ ತಮ್ಮ ನಿಂಗಪ್ಪ ಕುರಿ ಕಾಯುವವನು.

"ನಮ್ಮ ಕಡಿ ಕುರಿ ಕಿವಿ ಅಂಚು ಕತ್ತರಿಸಿ ಕಚ್ಚು ಹಾಕ್ತಾರ. ಒಂದೊಂದು ಮನಿಗೆ ಒಂದೊಂದು ನಮೂನಿ. ತಪ್ಪಿಸ್ಕೊಂಡ ಕುರಿ ಯಾರಿಗೆ ಸಿಕ್ರೂ ಕಚ್ಚು ನೋಡಿ ಆ ಮನಿಗೆ ಮುಟ್ಟಿಸ್ತಾರ. ಕಚ್ಚು ಇದ್ದ ಜೀವ ಯಾರೂ ಇಟ್ಕಣಂಗಿಲ್ಲ."

ಡಾಕ್ಟರಿಗೆ ಇದು ಹಿಡಿಸಿತು. ಬೆಕ್ಕು ಮಂಪರಿನಲ್ಲಿರುವಾಗಲೇ ಹಾಕಿದರೆ ನೋವೂ ಇಲ್ಲ. "ಹೆಂಗ ಹಾಕ್ಬೇಕು, ತೋರಿಸ್ರಿ ಯಮ್ಮಾ" ಅಂದರು. ಅತ್ತೆ ಉಗುರಿನಿಂದ ಎಡಗಿವಿಯ ಅಂಚಿನಲ್ಲಿ ಪಕ್ಕಪಕ್ಕ ಎರಡು ಕಡೆ ತೋರಿಸಿದರು, ಜೋಳದ ಕಾಳಿನಷ್ಟು ಸಣ್ಣ ಮುಕ್ಕು. ಅವರ ಉಗುರಿಗೆ ಗೊತ್ತಿದ್ದದ್ದು ಅದೊಂದೇ, ತವರಿನ ಕಚ್ಚು. ಮೊದಲು ಆಪರೇಷನ್ ಆದವಕ್ಕೂ ಡಾಕ್ಟರು ಆಮೇಲೆ ಅದನ್ನೇ ಹಾಕಿಕೊಟ್ಟರು. ಅದು ಯಾರ ಕಚ್ಚು ಎಂದು ಆಗ ನಾವ್ಯಾರೂ ಕೇಳಲಿಲ್ಲ.

ಮರುವರ್ಷ ಭತ್ತದ ಕೊಯ್ಲಿನವರೆಗೆ ಖಾಲಾಳ ಹತ್ತಿಯಲ್ಲಿ ಒಂದು ಮರಿಯೂ ಹುಟ್ಟಲಿಲ್ಲ. ಗೌಡರು ನಮ್ಮ ಮನೆ ಮುಂದೆ ಹಾದುಹೋಗುವಾಗ ಮೀಸೆಯಲ್ಲೇ ಸ್ವಲ್ಪ ನಗುವಷ್ಟು ಸುಧಾರಿಸಿದ್ದರು. ಆಗ ಎಲ್ಲಿಂದಲೋ ಕಚ್ಚಿಲ್ಲದ ಒಂದು ಕಪ್ಪು ಬೆಕ್ಕು ಬಂತು. ಬಸುರಿ ಎಂದು ನಮಗೆ ತಿಳಿಯುವ ಮೊದಲೇ ಹತ್ತಿಯಲ್ಲಿ ಹೆತ್ತಿತು. ಖಾಲಾ ಗಾದಿ ಮುಟ್ಟಿಸಲು ವಳಕಮದಿನ್ನಿಗೆ ಹೋಗಿದ್ದಳು, ಅತ್ತೆ ನಾನು ಸಂತೆಗೆ ಹೋಗಿದ್ದೆವು. ಸುದ್ದಿ ಗೌಡರ ಕಿವಿಗೆ ಬಿತ್ತು. ನಾವು ತಿರುಗಿ ಬರುವಷ್ಟರಲ್ಲಿ ಹಮಾಲರು ಬೆಕ್ಕುಗಳನ್ನೆಲ್ಲ ಭತ್ತದ ಚೀಲಕ್ಕೆ ತುಂಬಿ, ಬಳಗಾನೂರಿನ ಆಚೆ ಬಿಟ್ಟು ಬಂದಾಗಿತ್ತು. ಆಪರೇಷನ್ ಆಗಿ ತಮ್ಮ ಪಾಡಿಗೆ ಇದ್ದವು ಹೋದವು. ತಪ್ಪು ಮಾಡಿದ ಕಪ್ಪು ಬೆಕ್ಕು ಮಾತ್ರ ಹತ್ತಿಯಲ್ಲಿ ಆರಾಮಾಗಿ ಮಲಗಿತ್ತು. "ಬಾಣಂತಿಗೆ ಹೆಂಗ ಕೈ ಹಚ್ಚೂದ್ರಿ, ಪಾಪ ಬರ್ತೈತಿ" ಎಂದು ಹಮಾಲರು ನನ್ನ ಮುಂದೆ ತಲೆ ಕೆರೆದುಕೊಂಡರು.

ಖಾಲಾ ಬಂದು ನೋಡಿದಳು. ಅಳಲಿಲ್ಲ, ಗೌಡರನ್ನು ಬೈಯಲಿಲ್ಲ. ಸುಮ್ಮನೆ ಕುಳಿತು ಹತ್ತಿ ಬಿಡಿಸತೊಡಗಿದಳು. ಗೋಡೆಯಾಚೆಯಿಂದ ಮಾತು ಕೇಳುವುದು ನಿಂತುಹೋಯಿತು. ನನ್ನ ಗಂಡ ಬಳಗಾನೂರಿನ ಹೊಲಗಳಲ್ಲಿ ಸೈಕಲ್ ಮೇಲೆ ಸುತ್ತಿ ಬರಿಗೈಯಲ್ಲಿ ಬಂದರು. ಅತ್ತೆ ರೊಟ್ಟಿ ಬಡಿಯುತ್ತಿದ್ದವರು ಕೈ ತಡೆದು ಗೋಡೆಗೆ ಕಿವಿ ಕೊಡುತ್ತಿದ್ದರು. ಆ ಮೌನ ನನಗೆ ತಡೆಯಲಾಗುತ್ತಿರಲಿಲ್ಲ. ಕಪ್ಪು ಬೆಕ್ಕನ್ನು ಬೈಯುವ ನೆಪದಲ್ಲಿ ನಾನೇ ಜೋರಾಗಿ ಏನಾದರೂ ಮಾತಾಡುತ್ತಿದ್ದೆ.

ಕೆಲವು ದಿನಗಳಾದ ಮೇಲೆ ಒಂದು ಬೆಳಿಗ್ಗೆ ಬಾಗಿಲಲ್ಲಿ ನಿಂಗಪ್ಪ ಮಾವ ನಿಂತಿದ್ದ. ಹೆಗಲ ಮೇಲೆ ಕಂಬಳಿ, ಎರಡೂ ಕೈಯಲ್ಲಿ ಮುಚ್ಚಿದ ಬುಟ್ಟಿ. ಮುಖ ಗಂಟು ಹಾಕಿತ್ತು.

"ಯಕ್ಕಾ, ನನಗೊಂದು ಮಾತು ಹೇಳು. ನಾ ಯಾವಾಗ ಬೆಕ್ಕು ಸಾಕೀನಿ?"

ನಡೆದದ್ದು ಇಷ್ಟು. ಕೊಯ್ಲು ಮುಗಿದ ಗದ್ದೆಗಳಲ್ಲಿ ಗೊಬ್ಬರಕ್ಕೆಂದು ಕುರಿ ಹಿಂಡು ತರುಬಿ ನಿಲ್ಲಿಸುವುದು ವಾಡಿಕೆ. ಬಳಗಾನೂರಿನ ಸುತ್ತ ಬೀಡುಬಿಟ್ಟಿದ್ದ ಕುರಿಗಾರರ ಹಾಲಿನ ವಾಸನೆಗೆ ನಮ್ಮ ಬೆಕ್ಕುಗಳು ಹೋಗಿ ಸೇರಿಕೊಂಡಿದ್ದವು. ಕುರಿಗಾರರು ನೋಡುತ್ತಾರೆ, ಎಡಗಿವಿಯಲ್ಲಿ ಪಕ್ಕಪಕ್ಕ ಎರಡು ಕಚ್ಚು. ಗುರುಗುಂಟಾದ ನಿಂಗಪ್ಪನ ಮನೆಯ ಕಚ್ಚು! ಬೆಕ್ಕಿಗೆ ಯಾಕೆ ಹಾಕಿದ ಎಂದು ಅವರು ತಲೆ ಕೆಡಿಸಿಕೊಳ್ಳಲಿಲ್ಲ. ಕಚ್ಚು ಇದ್ದ ಜೀವವನ್ನು ಕಚ್ಚಿನವರಿಗೆ ಮುಟ್ಟಿಸಬೇಕು. ಒಬ್ಬ ಸೈಕಲ್ ಮೇಲೆ ತಂದ, ಒಬ್ಬ ಕಂಬಳಿ ಮಡಿಕೆಯಲ್ಲಿ ತಂದ, ಒಬ್ಬ ಬಸ್ಸಿನಲ್ಲಿ ಗುರುತಿನವರ ಕೈಗೆ ಕೊಟ್ಟು ಕಳಿಸಿದ. "ದಿನಾ ಬೆಳಗಾದ್ರ ಒಬ್ಬ ಬರ್ತಾನ, 'ನಿಂಗಪ್ಪಣ್ಣಾ, ನಿನ್ನ ಬೆಕ್ಕು ತಗೋ' ಅಂತಾನ. ನನ್ನ ಹೆಂಡ್ತಿ, ಏನೋ ಇದು, ಮುದಿ ವಯಸ್ಸಿನ್ಯಾಗ ನನಗ ಹೇಳಲಾರದ ಬೆಕ್ಕಿನ ಹಿಂಡು ಕಟ್ಟೀಯಾ ಅಂತ ಜಗಳಾ ತಗದಾಳ! ಈ ಕಚ್ಚು ಹಾಕಾಕ ನಮ್ಮ ಮನ್ಯಾಗ ನನ್ನ ಬಿಟ್ರ ನಿನಗೊಬ್ಬಾಕಿಗೇ ಬರ್ತೈತಿ."

ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು, ನಗುತ್ತ ನಗುತ್ತ ಕೆಳಗೆ ಕುಳಿತರು. ನಾನು ಬುಟ್ಟಿಗಳನ್ನು ಕಸಿದುಕೊಂಡು ಖಾಲಾಳ ಮನೆಗೆ ಓಡಿದೆ. ಮುಚ್ಚಳ ತೆಗೆಯುತ್ತಲೇ ತಹಶೀಲ್ದಾರ ನೆಗೆದ. ಅವನ ಹಿಂದೆ ಒಂದೊಂದೇ. ಕೊನೆಗೆ ಬುಟ್ಟಿಯ ತಳದಿಂದ ಶಹಜಾದಿ ಮೈ ಮುರಿದು ಎದ್ದಳು. ಖಾಲಾ ಅವಳನ್ನು ಎತ್ತಿ ಮುಖಕ್ಕೆ ಒತ್ತಿಕೊಂಡು, "ಎಲ್ಲಿಗೆ ಹೋಗಿದ್ದಿ ಬೇ, ಹೇಳಲಾರದ?" ಎಂದು ಬೈಯತೊಡಗಿದಳು. ಬೈಗಳು ಮಧ್ಯಾಹ್ನದವರೆಗೂ ನಡೆಯಿತು. ಗೋಡೆಯ ಈ ಕಡೆ ನಾನು ಅಕ್ಕಿ ಆರಿಸುತ್ತ ಅದನ್ನು ಕೇಳುತ್ತ ಕುಳಿತೆ, ಅಷ್ಟು ಇಂಪಾದ ಬೈಗಳನ್ನು ನಾನು ಕೇಳಿರಲಿಲ್ಲ.

ಕಥೆಯೆಲ್ಲ ಗೊತ್ತಾದ ಮೇಲೆ ನಿಂಗಪ್ಪ ಮಾವ ಸುಮ್ಮನೆ ಊರಿಗೆ ಹೋಗಲಿಲ್ಲ. ಕೋಲು ಹಿಡಿದು ಗಿರಣಿಗೆ ಹೋದ. ಹಿಂದೆ ನಾವೆಲ್ಲ.

"ಗೌಡ್ರ, ನನ್ನ ಕಚ್ಚಿನ ಜೀವ ಬಳಗಾನೂರದಾಗ ಸಿಕ್ಕಾವ್ರಿ. ಅಲ್ಲಿಗೆ ಯಾರು ಒಯ್ದಾರಂತ ನಿಮಗೇನರೆ ಗೊತ್ತೇನ್ರಿ?"

ಇನ್ನೊಬ್ಬರ ಕಚ್ಚಿನ ಪ್ರಾಣಿ ಹೊತ್ತೊಯ್ದರೆ ಅದಕ್ಕೇನನ್ನುತ್ತಾರೆ ಎಂಬುದು ಊರಿಗೆಲ್ಲ ಗೊತ್ತು. ಗೌಡರು ಕೆಮ್ಮಿದರು. "ಅಲ್ಲೋ ನಿಂಗಪ್ಪ, ಬೆಕ್ಕಿಗೂ ಕಚ್ಚು ಹಾಕ್ತಾರೇನೋ?"

"ಹಾಕೀವಲ್ರಿ."

ಆಗ ಗಿರಣಿಯೊಳಗಿಂದ ಒಂದು ದೊಡ್ಡ ಇಲಿ ಬಂದು, ಎಲ್ಲರ ಮುಂದೆ ಗೌಡರ ಕಾಲ ಬಳಿ ನಿಂತು, ಅತ್ತಿತ್ತ ನೋಡಿ, ನಿಧಾನವಾಗಿ ಒಳಗೆ ಹೋಯಿತು. ಬೆಕ್ಕುಗಳು ಹೋದಾಗಿನಿಂದ ಇಲಿಗಳಿಗೆ ಗಿರಣಿ ಬರೆದುಕೊಟ್ಟಂತಾಗಿತ್ತು. ಗೌಡರು ಅದನ್ನೂ ನೋಡಿದರು, ನಮ್ಮನ್ನೂ ನೋಡಿದರು. "ಆತು ಬಿಡ್ರಪ್ಪ" ಎಂದು, ಸ್ವಲ್ಪ ತಡೆದು, "ಆ ತಹಶೀಲ್ದಾರನ್ನ ಒಂದೀಟು ಈ ಕಡಿ ಕಳಿಸ್ರಿ" ಅಂದರು. ಕಪ್ಪು ಬೆಕ್ಕಿನ ಮರಿಗಳು ದೊಡ್ಡವಾದ ಮೇಲೆ ಅದನ್ನು ಮಸ್ಕಿಗೆ ಕಳಿಸಲು ತಮ್ಮ ಗಿರಣಿಯ ಗಾಡಿಯನ್ನೇ ಕೊಟ್ಟರು. ನನಗೆ ಬಸ್ಸಿನ ಮೆರವಣಿಗೆ ತಪ್ಪಿದ್ದಕ್ಕೆ ಬೇಸರವೇ ಆಯಿತು.

ಮುಂದಿನ ನಾಗರಪಂಚಮಿಗೆ ನಿಂಗಪ್ಪ ಮಾವ ಪದ್ಧತಿಯಂತೆ ಅಕ್ಕನಿಗೆ ಉಂಡಿ ಕೊಟ್ಟು ಹೋಗಲು ಬಂದ. ಶೇಂಗಾ ಉಂಡಿ, ಎಳ್ಳಿನ ಉಂಡಿ, ಅವುಗಳ ಜೊತೆ ಒಂದು ಸಣ್ಣ ಗಡಿಗೆಯಲ್ಲಿ ಕುರಿ ಹಾಲಿನ ಗಿಣ್ಣ. ಗಿಣ್ಣ ಯಾರಿಗೆ ಎಂದು ಅತ್ತೆ ಕೇಳಿದರು.

"ಬೆಕ್ಕಿಗೆ. ನಮ್ಮ ಮನಿ ಕಚ್ಚು ಅದಾವಲ್ಲ, ಹೆಣ್ಮಕ್ಕಳು ಅಂದಂಗಾತು. ಪಂಚಮಿಗೆ ಬರಿಗೈಲೆ ಬರ್ತಾರೇನು?"

ನಾವು ನಗುತ್ತ ಗಡಿಗೆ ಹಿಡಿದು ಖಾಲಾಳ ಮನೆಗೆ ಹೋದೆವು. ಅವಳು ಹತ್ತಿಯ ರಾಶಿಯ ನಡುವೆ ಕುಳಿತಿದ್ದಳು, ಶಹಜಾದಿ ಮಡಿಲಲ್ಲಿ ನಿದ್ದೆ ಹೋಗಿದ್ದಳು. ಗಿಣ್ಣ ಬಡಿಸಿಯಾದ ಮೇಲೆ ನಿಂಗಪ್ಪ ಮಾವ ಹೊರಡಲಿಲ್ಲ. ಕಂಬಳಿಯ ಮಡಿಕೆಯಿಂದ ಒಂದು ಹಸಿರು ಕುಬಸದ ಖಣ, ತವರಿನವರು ಕೊಡುವಂಥ ರವಿಕೆ ಬಟ್ಟೆ, ತೆಗೆದು, ಎರಡು ಉಂಡಿಯ ಜೊತೆ ಖಾಲಾಳ ಮುಂದೆ ಹಿಡಿದ.

"ಇದು ನಿನಗ ಯಕ್ಕಾ. ನಿನ್ನ ಕಿವಿಗೆ ಕಚ್ಚು ಹಾಕಾಕ ಬರಂಗಿಲ್ಲ, ಅದಕ್ಕ ಕುಬಸ ತಂದೀನಿ."

ಅಣ್ಣ ಹೋದ ಮೇಲೆ ಖಾಲಾಳಿಗೆ ಯಾರೂ ಕುಬಸ ತಂದಿರಲಿಲ್ಲ. ಅವಳು ಖಣವನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು, ಕಣ್ಣಿಗೆ ಒತ್ತಿಕೊಂಡಳು. ಅತ್ತೆ ಗೋಡೆ ಕಡೆ ಮುಖ ಮಾಡಿದರು, ನನಗಂತೂ ಎದುರಿಗಿದ್ದ ಬೆಕ್ಕುಗಳೆಲ್ಲ ಮಸುಕಾಗಿ ಕಂಡವು. ಆಮೇಲೆ ಖಾಲಾ ಮೂಗು ಒರೆಸಿಕೊಂಡು, ಮಡಿಲಲ್ಲಿದ್ದ ಶಹಜಾದಿಯ ಬೆನ್ನಿಗೆ ಮೆಲ್ಲಗೆ ತಟ್ಟಿ ಎಬ್ಬಿಸಿದಳು.

"ಏಳ ಬೇ, ಏಳು. ಎಷ್ಟು ಮಲಗ್ತಿ? ನಿನ್ನ ಸೋದರಮಾವ ಬಂದಾನ."